ಹಿನ್ನೀರಿನ ದಂಡೆಯಲ್ಲಿ ಸಮುದ್ರ ಕಟ್ಟಿದವನು

“ಹಿನ್ನೀರಿನ ದಂಡೆಯಲ್ಲಿ ಒಂದು ಹೆಂಚಿನ ಮನೆ ಉಂಟಲ್ಲ, ಕತ್ತಲಾದ ಮೇಲೆ ಅದರೊಳಗೆ ಉಸಿರಾಡೋ ಶಬ್ದ ಬರ್ತದಂತೆ ಮಾರಾಯ್ರೆ. ಒಬ್ಬರದ್ದಲ್ಲ, ಒಂದೂರಿನದ್ದು! ನೀರಲ್ಲಿ ಮುಳುಗಿದ ಊರಿನವರು ಅಲ್ಲಿ ಬಂದು ಮಲಗ್ತಾರಂತೆ. ಅದನ್ನು ಕೇಳಿ ಕೇಳಿ ಯಜಮಾನಂಗೆ ತಲೆ ಕೆಟ್ಟಿತು. ಹೆಂಡತಿ ಉಟ್ಟ ಸೀರೆಯಲ್ಲೇ ಘಟ್ಟ ಇಳಿದು ತವರಿಗೆ ಓಡಿದಳು.”

ನರಸಿಂಹರಾಜಪುರದ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಶೆಟ್ಟಿಕೊಪ್ಪದ ಗೃಹಸ್ಥರೊಬ್ಬರು ಕವಳ ಜಗಿಯುತ್ತ ಹೇಳಿದ ಕಥೆ ಇದು. ಇದನ್ನೇ ಕೊಪ್ಪದ ಕ್ಷೌರದಂಗಡಿಯಲ್ಲಿಯೂ ಶೃಂಗೇರಿಯಲ್ಲೊಂದು ಮದುವೆಯ ಪಂಕ್ತಿಯಲ್ಲಿಯೂ ಕೇಳಿದ್ದೇನೆ. ಕ್ಷೌರದಂಗಡಿಯಲ್ಲಿ ಉಸಿರಾಡುತ್ತಿದ್ದವಳು ಒಬ್ಬಳೇ ಮುದುಕಿ; ಪಂಕ್ತಿಯಲ್ಲಿ ಪಾಯಸ ಬರುವಷ್ಟರಲ್ಲಿ ಅದು ಒಂದು ಕುಟುಂಬವಾಗಿತ್ತು; ಬಸ್ಸಿನಲ್ಲಿ ಊರಿಗೆ ಊರೇ ಆಯಿತು. ಇನ್ನೊಂದು ಮಳೆಗಾಲ ಕಳೆದರೆ ತಾಲ್ಲೂಕು ಆಗುವುದರಲ್ಲಿ ಸಂದೇಹವಿಲ್ಲ!

ಆ ಗೃಹಸ್ಥರಿಗೆ ನಾನು ಮರು ಮಾತಾಡಲಿಲ್ಲ. ಬಸ್ಸಿನಲ್ಲಿ ವಾದಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಇಲ್ಲಿ ಹೇಳುತ್ತೇನೆ. ಆ ಕಥೆಯಲ್ಲಿ ನಿಜವಾದದ್ದು ಒಂದೇ ಮಾತು: ಆ ಮನೆ ಉಸಿರಾಡುತ್ತದೆ. ನನ್ನ ಎರಡು ಕಿವಿಗಳಿಂದ ಕೇಳಿದ್ದೇನೆ. ಕೇಳಿ ಕುತ್ತಿಗೆಯ ಕೂದಲು ನೆಟ್ಟಗಾದದ್ದನ್ನೂ ಒಪ್ಪಿಕೊಳ್ಳುತ್ತೇನೆ. ಮಿಕ್ಕಿದ್ದೆಲ್ಲ ಬೊಗಳೆ. ಆ ಯಜಮಾನ ನನ್ನ ಷಡ್ಡಕ, ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಅವನಿಗೆ ತಲೆ ಕೆಟ್ಟಿತು ಎಂಬ ಮಾತನ್ನು ನಾನು ಸುತರಾಂ ಒಪ್ಪುವುದಿಲ್ಲ. ಕೆಡಬೇಕಾದರೆ ಅದು ಮೊದಲು ಸರಿಯಿದ್ದಿರಬೇಕಲ್ಲವೇ? ಮನೆ ಕಟ್ಟಿದವರು ಊರಿಗೆ ನೂರು ಜನ ಸಿಗುತ್ತಾರೆ. ನನ್ನ ಷಡ್ಡಕ ಕಟ್ಟಿದ್ದು ಸಮುದ್ರವನ್ನು!

ನನ್ನ ವಿಷಯ ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ಶಾಲೆಯ ಮಾಸ್ತರರು ಹೇಳಿದ್ದನ್ನೆಲ್ಲ “ಹೌದೇ?” ಎಂದು ಕೇಳುತ್ತಿದ್ದುದರಿಂದ ನನ್ನ ವಿದ್ಯಾಭ್ಯಾಸ ಬೇಗ ಮುಗಿಯಿತು. ಆಮೇಲೆ ಕೊಪ್ಪದಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿಟ್ಟು, ಸಿಕ್ಕ ಪುಸ್ತಕ ಓದಿ, ಸಿಕ್ಕ ಯಂತ್ರ ಬಿಚ್ಚಿ ಮುದುಕನಾದೆ. ಆ ಕಸುಬು ನನಗೆ ಕಲಿಸಿದ ಶಾಸ್ತ್ರ ಒಂದೇ: ಶಬ್ದ ಬಂತೆಂದರೆ ಎಲ್ಲೋ ಒಂದು ತಂತಿ ಸಡಿಲಾಗಿದೆ. ಸತ್ತವರನ್ನು ಕರೆಯುವ ಮೊದಲು ಆ ತಂತಿಯನ್ನು ಹುಡುಕಬೇಕು.

ನನ್ನ ಹೆಂಡತಿ, ಅವಳ ತಂಗಿ ಇಬ್ಬರೂ ಕುಂದಾಪುರದ ಕಡೆಯ ಕಡಲತಡಿಯವರು. ಅವರ ತವರುಮನೆಯ ಹಿತ್ತಿಲು ಮುಗಿಯುವಲ್ಲಿ ಮರಳು. ಮರಳು ಮುಗಿಯುವಲ್ಲಿ ಅರಬ್ಬಿ ಸಮುದ್ರ. ಅಕ್ಕ ಘಟ್ಟ ಹತ್ತಿ ಕೊಪ್ಪಕ್ಕೆ ಬಂದ ಮೊದಲ ದಿನವೇ ಗೊರಕೆ ಹೊಡೆದಳು. ಅಂದಿನಿಂದ ಅವಳ ನಿದ್ರೆಗೆ ಒಂದೇ ಒಂದು ಭಂಗವೂ ಬಂದಿಲ್ಲ. (ಬಂದಿರುವುದು ನನ್ನದಕ್ಕೆ.) ತಂಗಿ ಸೀತೂರಿನ ಕಡೆ ಸೊಸೆಯಾಗಿ ಬಂದಳು. ನಾಲ್ಕೂ ಕಡೆ ಗುಡ್ಡ, ನಡುವೆ ತಗ್ಗು. ಗಾಳಿಯೂ ವಿಳಾಸ ಕೇಳಿಕೊಂಡು ಬರಬೇಕಾದಂಥ ಮನೆ. ಅಲ್ಲಿ ಅವಳಿಗೆ ನಿದ್ರೆ ಹತ್ತಲಿಲ್ಲ. ವಯಸ್ಸಿನಲ್ಲಿ ಹೇಗೋ ನಡೆಯಿತು. ಹಗಲಿಡೀ ಗದ್ದೆ, ಕೊಟ್ಟಿಗೆ ಎಂದು ದುಡಿದ ಮೈ ಒಂದಿಷ್ಟು ಹೊತ್ತು ಕಣ್ಣು ಮುಚ್ಚುತ್ತಿತ್ತು. ಐವತ್ತು ದಾಟಿದ ಮೇಲೆ ಅದೂ ಹೋಯಿತು. ಶಿವಮೊಗ್ಗದ ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ನುಂಗಿದರೆ ಹಗಲೂ ಮಂಕು, ರಾತ್ರಿಯೂ ಎಚ್ಚರ. ಕಣ್ಣಿನ ಸುತ್ತ ಕಪ್ಪು ಕಟ್ಟಿತು. ಹಾಲು ಒಲೆಯ ಮೇಲಿಟ್ಟು ಮರೆತಳು, ಬೆಂಕಿ ಮರೆತಳು. ತವರಿಗೆ ಹೋದಾಗ ಮಾತ್ರ, ಅಲ್ಲಿಯ ಜಗಲಿಯಲ್ಲಿ, ಗೋಡೆಗೆ ಒರಗಿದಲ್ಲೇ ಮಗುವಿನಂತೆ ಮಲಗುತ್ತಿದ್ದಳು.

ಒಂದು ದಿನ ಅಕ್ಕನೆದುರು ಸ್ಪಷ್ಟವಾಗಿ ಹೇಳಿಬಿಟ್ಟಳು: “ನಂಗೆ ಇಲ್ಲಿ ನಿದ್ರೆ ಬತ್ತಿಲ್ಲೆ ಅಕ್ಕ. ಹೀಂಗೇ ಆದ್ರೆ ಹುಚ್ಚು ಹಿಡಿತ್ತ್. ನಾ ಊರಿಗೇ ಹೋಯಿ ಇಪ್ಪುದು.”

ಷಡ್ಡಕ ಅಲ್ಲೇ ಕುಳಿತಿದ್ದ. ಗದ್ದೆ, ದನ ಬಿಟ್ಟು ಅವನು ಘಟ್ಟದ ಕೆಳಗೆ ಹೋಗಿ ಮಾಡುವುದೇನು? “ಅಷ್ಟೇಯಾ? ಸಮುದ್ರ ಇದ್ರೆ ಸಾಕಾ?” ಎಂದ, ಪೇಟೆಯಿಂದ ಬೆಲ್ಲ ತರಬೇಕೆ ಎಂದು ಕೇಳುವವನ ಹಾಗೆ.

ಮೊದಮೊದಲ ಪ್ರಯತ್ನಗಳನ್ನು ನೆನೆದರೆ ನನಗೆ ಇಂದಿಗೂ ನಗು. ಈ ಕಾಲದಲ್ಲಿ ಮೊಬೈಲಿನಲ್ಲಿ ಇಲ್ಲದ್ದೇನಿದೆ? ಸಮುದ್ರದ ಸದ್ದೂ ಇದೆ. ದಿಂಬಿನ ಪಕ್ಕ ಇಟ್ಟ. ಅವಳ ರೆಪ್ಪೆ ಭಾರವಾಗುವ ಹೊತ್ತಿಗೆ ಅಲೆಗಳ ನಡುವಿನಿಂದ ಒಬ್ಬ ಗಂಡಸು ಎದ್ದು ಬಂದು ಕೂದಲಿನ ಎಣ್ಣೆ ಮಾರತೊಡಗಿದ! ಅವಳು ಚೀರಿ ಎದ್ದು ಕುಳಿತಳು. ನಂತರ ನನ್ನ ಸರದಿ. ಎರಡು ಸ್ಟೇಷನ್ನುಗಳ ನಡುವೆ ರೇಡಿಯೋದ ಮುಳ್ಳನ್ನು ನಿಲ್ಲಿಸಿದರೆ ಬರುವ ಶಬ್ದವಿದೆಯಲ್ಲ, ಅದು ಸಾಕ್ಷಾತ್ ಸಾಗರ ಎಂದು ನನ್ನ ನಂಬಿಕೆ. ಒಳ್ಳೆಯದೊಂದು ಸೆಟ್ಟನ್ನು ಹೊತ್ತುಕೊಂಡು ಹೋಗಿ ಹಚ್ಚಿದೆ. ನಾದಿನಿ ಸಭ್ಯಳು; ಪೂರ್ತಿ ಕೇಳಿದಳು.

“ಹೇಗಿದೆ?” ಎಂದೆ.

“ಲಾಯ್ಕಿತ್ತ್ ಭಾವ. ಆದ್ರೆ ಇದು ಕಡ್ಲಲ್ಲ, ಕಾವಲಿಗೆ ದ್ವಾಸೆ ಹುಯ್ದದ್ದು.”

ಷಡ್ಡಕ ನಗಲಿಲ್ಲ. “ಡಬ್ಬಿಯಲ್ಲಿ ಸಮುದ್ರ ಇರಲ್ಲ ಅಣ್ಣಯ್ಯ. ಅದು ಮನೆಯಲ್ಲೇ ಇರಬೇಕು. ಗೋಡೆ, ಮಾಡು, ಅಂಗಳ, ಎಲ್ಲದರಲ್ಲೂ” ಎಂದ. ಅವನ ಕಣ್ಣಿನಲ್ಲಿ ಆ ಹೊತ್ತು ಕಂಡ ಬೆಳಕು ನನಗೆ ಸರಿ ಬರಲಿಲ್ಲ. ಅಂಥ ಬೆಳಕು ಕಂಡ ರೇಡಿಯೋದ ಪ್ಲಗ್ಗನ್ನು ನಾನು ಒಡನೆಯೇ ಕೀಳುತ್ತೇನೆ.

ಅವನು ಘಟ್ಟ ಇಳಿದ. ಕೈಯಲ್ಲಿ ಒಂದು ಉಂಡೆ ಹುರಿಹಗ್ಗ. ಕಡಲತಡಿಯ ಮನೆಮನೆಗೂ ಹೋಗಿ ಸೂರು ಎಷ್ಟು ತಗ್ಗು, ಜಗಲಿ ಎಷ್ಟು ಅಗಲ, ಬಾಗಿಲಿಗೂ ಬಾಗಿಲಿಗೂ ನೇರ ಇದೆಯೇ ಎಂದು ಅಳೆದು ಹಗ್ಗಕ್ಕೆ ಗಂಟು ಹಾಕಿಕೊಂಡ. ಮೀನು ಒಣಗಿಸುತ್ತಿದ್ದ ಹೆಂಗಸರು ಇವನನ್ನು ಜಾಗ ಅಳೆಯಲು ಬಂದ ಸರ್ಕಾರದ ಮನುಷ್ಯನೆಂದು ತಿಳಿದು ಒಂದು ಸುತ್ತು ಬೈದರು. ಅವನ ಭಾವಮೈದ, ಹೆಂಡತಿಯ ತವರುಮನೆಯ ಹಿರಿಯ, ಮಾನ ಹೋದೀತೆಂದು ಹಿಂದೆಯೇ ಓಡಾಡಿದ.

“ಎಂತ ಭಾವ, ನಿಮ್ಗೆ ಕಡ್ಲ್ ಕಾಂಬ ಹಾಂಗೆ ಮನಿ ಕಟ್ಕಾ?”

“ಹೌದು ಮಾರಾಯ, ನೀರಿಗೆ ಮುಖ ಮಾಡಿ.”

“ಕಡ್ಲ್ ಕಾಂಬುಕೆ ಯಾರ್ ಮನಿ ಕಟ್ತ್ರ್? ನಾವ್ ಕಡ್ಲಿಗೆ ತಲಿ ತಗ್ಗಿಸಿ ಕಟ್ಟೂದು. ತಲಿ ಎತ್ತಿರೆ ಹೆಂಚ್ ಒಂದೂ ಉಳಿತಿಲ್ಲೆ!”

ಈ ಮಾತಿನಲ್ಲಿ ಆ ಸೀಮೆಯ ಮನೆಗಳ ಶಾಸ್ತ್ರವೆಲ್ಲ ಅಡಗಿದೆ ಎಂದು ನನಗೆ ಆಮೇಲೆ ಹೊಳೆಯಿತು. ಅಲ್ಲಿಯ ಮನೆ ಸಮುದ್ರದೊಡನೆ ಜಗಳಕ್ಕೆ ನಿಲ್ಲುವುದಿಲ್ಲ. ಗಾಳಿ ಬರುವ ಪಡುವಣಕ್ಕೆ ಹೆಂಚಿನ ಮಾಡನ್ನು ಎದೆಯ ಮಟ್ಟಕ್ಕೆ ಇಳಿಸಿ, ಕೊಡೆ ವಾಲಿಸಿದ ಹಾಗೆ ಬಾಗುತ್ತದೆ. ನುಗ್ಗಿದ ಗಾಳಿ ಮನೆಯೊಳಗೆ ಸಿಕ್ಕಿಬೀಳದಂತೆ ಎದುರುಬದುರು ಕಂಡಿ ಬಿಟ್ಟು ದಾರಿ ಕೊಡುತ್ತದೆ. ಅಂಗಳಕ್ಕೆ ಮರಳು, ಸುರಿದಷ್ಟನ್ನೂ ಕುಡಿಯಲಿ ಎಂದು. ಮನೆಗೂ ನೀರಿಗೂ ನಡುವೆ ಗಾಳಿಮರದ, ಎಂದರೆ ಸರ್ವೆಯ, ಸಾಲು. ಬೀಗರಿದ್ದ ಹಾಗೆ: ಕೊಡುವುದು ಕೊಟ್ಟು, ತೆಗೆದುಕೊಳ್ಳುವುದು ತೆಗೆದುಕೊಂಡು, ನಡುವೆ ಒಂದಿಷ್ಟು ಗೌರವದ ದೂರ.

ನನ್ನ ಷಡ್ಡಕ ಈ ಶಾಸ್ತ್ರವನ್ನು ಗಂಟುಗಂಟಾಗಿ ತಂದ. ಹಿನ್ನೀರಿನ ದಂಡೆಯಲ್ಲಿ ಅವನದೊಂದು ಬರಡು ಜಾಗವಿತ್ತು, ನೀರು ತುಂಬಿದಾಗಲೂ ಮುಳುಗದಂಥದ್ದು. ಅಲ್ಲಿ ಕರಾವಳಿಯ ಕೆಂಪು ಮುರಕಲ್ಲಿನ ಗೋಡೆ ಎದ್ದಿತು. ಒಂದೊಂದು ಕಲ್ಲೂ ಆಗುಂಬೆ ಘಾಟಿ ಹತ್ತಿ ಬಂದದ್ದು. ಮಾಡು ನೀರಿನ ಕಡೆಗೆ ಎದೆಮಟ್ಟ ಇಳಿಯಿತು. ಅಂಗಳಕ್ಕೆ ಮರಳು ಬಿತ್ತು. ದಸರಾ ಕಳೆದು ನಾವು ಹೋದಾಗ ಜಲಾಶಯ ತುಂಬಿ ನೀರು ಬೇಲಿಯ ಬುಡಕ್ಕೆ ತಾಗುತ್ತಿತ್ತು. ಆಚೆಯ ದಡ ಮಂಜಿನಲ್ಲಿ ಕಾಣುತ್ತಿರಲಿಲ್ಲ. ನೋಡುವುದಕ್ಕೆ ಥೇಟು ಸಮುದ್ರವೇ! ನಾದಿನಿ ಜಗಲಿಯಲ್ಲಿ ನಿಂತು ಬಹಳ ಹೊತ್ತು ನೋಡಿದಳು. ನಾವೆಲ್ಲ ಉಸಿರು ಹಿಡಿದಿದ್ದೆವು.

“ಚಂದ ಉಂಟು,” ಎಂದಳು. “ಆದ್ರೆ ಮಾತಾಡುದಿಲ್ಲೆ.”

ಆ ನೀರಿನ ಸ್ವಭಾವವೇ ಹಾಗೆ. ಹೊಳೆಯಾಗಿದ್ದಾಗ ಅದು ಮಾತಾಡುತ್ತಿದ್ದಿರಬೇಕು; ಕಟ್ಟಿ ನಿಲ್ಲಿಸಿದ ಮೇಲೆ ಬಾಯಿ ಮುಚ್ಚಿದೆ. ಅಲೆಯೆದ್ದರೂ ಸದ್ದಿಲ್ಲದೆ ಬಂದು, ದಡವನ್ನು ಮುಟ್ಟಿ, ಸದ್ದಿಲ್ಲದೆ ಹಿಂದೆ ಸರಿಯುತ್ತದೆ, ಕತ್ತಲೆಯಲ್ಲಿ ಗೋಡೆ ತಡವುವವರ ಹಾಗೆ. ಅದರ ಎದುರು ಕುಳಿತರೆ ಅದು ಕೇಳಿಸಿಕೊಳ್ಳುತ್ತಿದೆ ಎನಿಸುತ್ತದೆ. ಏನನ್ನು? ಅದು ನನಗೂ ತಿಳಿಯದು.

ಆ ವರ್ಷ ಎರಡು ಅನಾಹುತಗಳಾದವು. ಮೊದಲನೆಯದು ಬೇಸಿಗೆಯಲ್ಲಿ. ಕಡಲತಡಿಯ ಮನೆ ಎಂದು ನೆಂಟರಿಷ್ಟರನ್ನು ಕರೆದು ಊಟ ಹಾಕಲು ಷಡ್ಡಕ ದಿನ ಗೊತ್ತು ಮಾಡಿದ್ದ. ನಾವು ಹೋಗಿ ನೋಡಿದರೆ ಸಮುದ್ರವೇ ಇಲ್ಲ! ಕಣ್ಣು ಹಾಯಿಸಿದಷ್ಟು ದೂರ ಬಿರಿದ ಕೆಸರು. ಅದರ ತುಂಬ ಎಂದೋ ಕಡಿದ ಮರಗಳ ಕರಿಯ ಬೊಡ್ಡೆಗಳು, ಕುತ್ತಿಗೆಯವರೆಗೆ ಹೂತಿಟ್ಟ ಜನರಂತೆ, ಎಲ್ಲವೂ ಮನೆಯತ್ತ ತಿರುಗಿ. ಎಲ್ಲಿಂದಲೋ ಬಂದ ಹಳೆಯ ರಸ್ತೆಯೊಂದು ಆ ಕೆಸರಿನ ನಡುವೆ ಹಾದು, ದೂರದಲ್ಲಿ ಮಿನುಗುವ ನೀರಿನೊಳಗೆ ಯಾವ ಆತುರವೂ ಇಲ್ಲದೆ ಇಳಿದುಹೋಗಿತ್ತು. ನಟ್ಟನಡು ಮಧ್ಯಾಹ್ನ, ಒಂದು ಹಕ್ಕಿಯ ಸೊಲ್ಲಿಲ್ಲ. ಅತಿಥಿಗಳು ಕೋಸಂಬರಿಯ ಎಲೆ ಮುಂದಿಟ್ಟುಕೊಂಡು ಆ ಕಡೆಗೆ ಬೆನ್ನು ಹಾಕಿ ಕುಳಿತರು.

“ಎಲ್ಲಿ ಮಾರಾಯ ನಿನ್ನ ಸಮುದ್ರ?” ಎಂದೆ.

ಷಡ್ಡಕ ತಡವರಿಸಲಿಲ್ಲ. “ಇಳಿತ ಅಣ್ಣಯ್ಯ! ಘಟ್ಟದ ಕೆಳಗಿನದ್ದಕ್ಕೆ ದಿನಕ್ಕೆ ಎರಡು ಸಲ. ನಮ್ಮದಕ್ಕೆ ವರ್ಷಕ್ಕೆ ಒಂದೇ ಸಲ. ಮಲೆನಾಡಿನ ಸಮುದ್ರ, ಸಾವಕಾಶದ್ದು!”

ಎರಡನೆಯ ಅನಾಹುತ ಮಳೆಯದು. ಕಡಲತಡಿಯಲ್ಲಿ ಮಳೆಗಾಳಿ ನೀರಿನ ಕಡೆಯಿಂದ ಬರುತ್ತದೆ. ಅದಕ್ಕೇ ಅಲ್ಲಿಯ ಮನೆ ನೀರಿಗೆ ತಲೆ ತಗ್ಗಿಸುವುದು. ನಮ್ಮ ಹಿನ್ನೀರು ಇವನ ಜಾಗಕ್ಕೆ ಮೂಡಣದಲ್ಲಿದೆ. ಮಳೆ ಬರುವುದು ಬೆನ್ನ ಹಿಂದಿನ ಗುಡ್ಡದಿಂದ! ಹಗ್ಗದ ಗಂಟುಗಳಲ್ಲಿ ಈ ಒಂದು ಗಂಟು ಇರಲಿಲ್ಲ. ಮನೆ ಭಕ್ತಿಯಿಂದ ನೀರಿಗೆ ನಮಸ್ಕರಿಸುತ್ತ ನಿಂತಿದ್ದಾಗ ಜೂನ್ ತಿಂಗಳ ಗಾಳಿ ಹಿಂದಿನಿಂದ ಬಂದು ಒದೆಯಿತು. ಎತ್ತರಿಸಿ ಕಟ್ಟಿದ್ದ ಹಿಂಬದಿಯ ಹೆಂಚುಗಳು ಹಪ್ಪಳದಂತೆ ಹಾರಿದವು. ಅಡಿಗೆಮನೆಯಲ್ಲಿ ಪಾತ್ರೆಗಳು ದೋಣಿಯಾದವು. “ಈಗ ಬಂತು ನೋಡು ಸಮುದ್ರ,” ಎಂದು ನನ್ನ ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು ನೀರು ಮೊಗೆದಳು.

ನಗುವುದಕ್ಕೆ ಕಾರಣಗಳು ಸಾಕಷ್ಟಿದ್ದವು. ಆದರೆ ಆ ದಿನಗಳಲ್ಲೇ ಒಂದು ಬೆಳಿಗ್ಗೆ ನಾನು ಕಂಡದ್ದು ನಗುವಂಥದ್ದಲ್ಲ. ನಸುಕಿಗೆ ಮುಖ ತೊಳೆಯಲು ಅಂಗಳಕ್ಕೆ ಇಳಿದೆ. ಮಳೆ ಹೊಡೆದು ಹಸನಾದ ಮರಳಿನ ಮೇಲೆ ಬರಿಗಾಲಿನ ಹೆಜ್ಜೆಗಳು ಬಾಗಿಲಿನಿಂದ ಹೊರಟು, ಬೇಲಿಯ ಕಂಡಿ ದಾಟಿ, ಏರತೊಡಗಿದ್ದ ನೀರಿನ ಅಂಚಿಗೆ ನೆಟ್ಟಗೆ ಹೋಗಿದ್ದವು. ಸಣ್ಣ ಪಾದ, ಹೆಂಗಸಿನದ್ದು. ಹೋದ ಹೆಜ್ಜೆಗಳಷ್ಟೆ. ಮರಳಿ ಬಂದದ್ದು ಒಂದೂ ಇಲ್ಲ.

ಸಂಶಯವೇ ಉಸಿರಾದ ನನಗೆ ಆ ಕ್ಷಣ ಯಾವ ಸಂಶಯವೂ ಬರಲಿಲ್ಲ. ನೀರಿನವರೆಗೆ ಓಡಿದೆ. ನೀರು ಎಂದಿನಂತೆ ಬಾಯಿ ಮುಚ್ಚಿಕೊಂಡಿತ್ತು. ತಿರುಗಿ ನೋಡಿದರೆ ಅಡಿಗೆಮನೆಯ ಕಿಟಕಿಯಲ್ಲಿ ನಾದಿನಿ ಸೌತೆಕಾಯಿ ಹೆಚ್ಚುತ್ತಿದ್ದಾಳೆ!

“ಎಂತ ಭಾವ, ಬೆಳಿಗ್ಗೆಯೇ ಓಟ?”

“ಹೋದದ್ದು ನೀನೇ ಹೌದಾದರೆ ಬಂದದ್ದು ಹೇಗೆ?”

“ಬಪ್ಪತಿಗೆ ಕಲ್ಲಿನ ಕಟ್ಟೆ ಮೇಲೆ ಬಂದೆ. ಕಾಲಿಗೆ ಮರಳು ಮೆತ್ತಿಕೊಂತ್ ಅಲ್ದಾ?”

ಸಡಿಲ ತಂತಿ ಸಿಕ್ಕಿತು, ನಿಜ. ನನಗೆ ಸಮಾಧಾನವಾಗಲಿಲ್ಲ. ನಿದ್ರೆಯಿಲ್ಲದ ಹೆಂಗಸು ಕತ್ತಲೆಯಲ್ಲಿ ಮಾತಾಡದ ನೀರಿನ ಬಳಿ ಹೋಗಿ ನಿಲ್ಲುತ್ತಾಳೆ. ಒಂದು ದಿನ ಕಾಲು ಜಾರಿದರೆ? ಷಡ್ಡಕನಿಗೂ ಇದು ಗೊತ್ತಿತ್ತು. ಮರಳನ್ನು ಸಂಜೆ ಗುಡಿಸಿ ನುಣುಪು ಮಾಡುತ್ತಿದ್ದುದು ಬೆಳಿಗ್ಗೆ ಹೆಜ್ಜೆ ನೋಡುವುದಕ್ಕೇ. “ಕಳಿಸಿಬಿಡ್ತೇನೆ ಅಣ್ಣಯ್ಯ,” ಎಂದ. “ಅಲ್ಲಿ ಮಲಗ್ತಾಳೆ. ಇಲ್ಲಿ ನನ್ನ ಕೈಯಲ್ಲಿ ಆಗದಿದ್ರೆ ಕಡೆಗೆ ಅಲ್ಲೇ ಇರಲಿ. ಬದುಕಿ ಇರಲಿ.”

ಹೀಗೆ ಅವಳು ತವರಿಗೆ ಹೋದಳು. ಉಟ್ಟ ಸೀರೆಯಲ್ಲಿ ಓಡಿದ್ದಲ್ಲ. ಗಂಡನೇ ಟ್ರಂಕು ಹೊತ್ತು, ಘಾಟಿಯ ತಿರುವಿಗೆ ವಾಂತಿಯಾಗದಿರಲೆಂದು ನಿಂಬೆಹಣ್ಣು ಕೊಟ್ಟು, ಬಸ್ಸು ಹತ್ತಿಸಿದ್ದು. ಬಸ್ ಸ್ಟ್ಯಾಂಡಿನಲ್ಲಿ ನಾನೂ ಇದ್ದೆ.

ಆಮೇಲೆ ಆ ಮನುಷ್ಯ ಒಂಟಿಯಾಗಿ ಆ ಮನೆಯಲ್ಲಿ ನಡೆಸಿದ ಉದ್ಯೋಗಗಳೇ ಊರಿನ ಕಥೆಗೆ ಬಂಡವಾಳ. ಮಾಡನ್ನು ಬಿಚ್ಚಿ ದಿಕ್ಕು ತಿರುಗಿಸಿದ; ತಗ್ಗಿದ ತಲೆ ಈಗ ಗುಡ್ಡದ ಕಡೆಗೆ, ಎತ್ತಿದ ಮುಖ ನೀರಿಗೆ. ಹಿಂದಿನ ಗೋಡೆಯಲ್ಲಿ ಸೂರಿನ ಕೆಳಗೆ ಉದ್ದಕ್ಕೂ ಗಾಳಿಕಂಡಿ ಬಿಡಿಸಿ, ಅದಕ್ಕೆ ಹಳೆಯ ಅಂಗಡಿಗಳ ಬಾಗಿಲಿನಂತೆ ಸರಿಸುವ ಹಲಗೆಗಳನ್ನು ಕೂರಿಸಿದ. ಗುಡ್ಡದ ಇಳಿಜಾರಿಗೆ ಗಾಳಿಮರದ ಸಸಿಗಳನ್ನು ಒತ್ತೊತ್ತಾಗಿ ನೆಟ್ಟ. ಅವು ಬೆಳೆಯುವವರೆಗೆ ಸುಮ್ಮನಿರಲಾರದೆ ಕಂಡಿಗಳಲ್ಲಿ ಮಣ್ಣಿನ ಗಡಿಗೆಗಳನ್ನು ಮಲಗಿಸಿದ. ಗಾಳಿ ಬಂದರೆ ಅವು ಒಂದಕ್ಕೊಂದು ಊಳಿಟ್ಟವು. ದನ ಮೇಯಿಸುವವರು ಆ ದಾರಿ ಬಿಟ್ಟರು. ಒಂದು ನಾಯಿ ಬೇಲಿಯವರೆಗೆ ಬಂದು, ಕೂದಲು ನಿಗುರಿಸಿ, ಹಿಂದೆ ಹಿಂದೆ ನಡೆದುಹೋಯಿತು. ಹಬ್ಬಕ್ಕೆಂದು ಬಂದ ನಾದಿನಿ ಒಂದು ಸಂಜೆ ಕೇಳಿ ತೀರ್ಪು ಕೊಟ್ಟಳು: “ಇದು ಕಡ್ಲಲ್ಲ, ಗೂಬೆ ಮನಿಯಲ್ಲಿ ಮದಿ ದಿಬ್ಬಣ!”

ಗಡಿಗೆಗಳು ಹೋದವು. ಗಾಳಿಮರಗಳು ಬೆಳೆದವು. ಅವು ಬೆಳೆಯುವುದು ಬೇಗ; ಕೆಲವು ಮಳೆಗಾಲಗಳಲ್ಲೇ ಸೂರನ್ನು ಮೀರಿದವು. ಮುಂದೊಮ್ಮೆ ಬಂದಾಗ ನಾದಿನಿ ಒಂದು ಘಳಿಗೆ ತಲೆಯೆತ್ತಿ ಆಲಿಸಿದಳು. ಅವಳ ಮುಖದಲ್ಲಿ ಏನೋ ಹಾದು ಹೋದದ್ದನ್ನು ನಾವೆಲ್ಲ ಕಂಡೆವು.

“ಬಪ್ಪುದು ಕೇಣ್ತ್,” ಎಂದಳು. “ಹೋಪುದು ಕೇಣುದಿಲ್ಲ. ಕಡ್ಲ್ ಅಂದ್ರೆ ಬಂದದ್ದು ಹೋಯ್ಕಲೆ?”

ಎಂಥ ಮಾತು! ಅಲೆ ಬರುವ ಸದ್ದು ಗಾಳಿಮರದಲ್ಲಿತ್ತು. ಬಂದ ಅಲೆ ಮರಳನ್ನು ಎಳೆದುಕೊಂಡು ಹಿಂದೆ ಸರಿಯುವ ಸದ್ದು ಎಲ್ಲಿಂದ ತರುವುದು? ಅವಳು ಮತ್ತೆ ಘಟ್ಟ ಇಳಿದಳು. ಈ ಬಾರಿ ಹೋಗುವಾಗ ದೇವರ ಗೂಡಿನಲ್ಲಿಟ್ಟಿದ್ದ ತನ್ನ ಕುಂಕುಮದ ಭರಣಿಯನ್ನೂ ಸೆರಗಿಗೆ ಕಟ್ಟಿಕೊಂಡಳು. ನನ್ನ ಹೆಂಡತಿ ಅದನ್ನು ನೋಡಿ, ಇನ್ನು ಇವಳು ಬರುವವಳಲ್ಲ ಎಂದಳು. ಷಡ್ಡಕ ಒಂದೇ ಮಾತು ಕೇಳಿಕೊಂಡಿದ್ದ: “ಆಷಾಢದಲ್ಲಿ ಗಾಳಿ ಚೆನ್ನಾಗಿರ್ತದೆ. ಒಂದು ಮಧ್ಯಾಹ್ನ ಬಂದು ಮಲಗಿ ನೋಡು. ಆಗದಿದ್ರೆ ಆಮೇಲೆ ನಾನು ಕರೆಯಲ್ಲ.”

ಆಷಾಢದಲ್ಲಿ ಹೆಂಗಸರು ತವರಿಗೆ ಹೋಗುವುದು ಲೋಕರೂಢಿ. ನನ್ನ ನಾದಿನಿ ಆಷಾಢದಲ್ಲಿ ತವರಿನಿಂದ ಬಂದಳು! ಊಟವಾಯಿತು. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದಳು. ಷಡ್ಡಕ ಹಲಗೆಗಳನ್ನೆಲ್ಲ ಸರಿಸಿದ. ನಾನೂ ನನ್ನ ಹೆಂಡತಿಯೂ ಅವನೂ ಜಗಲಿಯಲ್ಲಿ ಹೆರಿಗೆಮನೆಯ ಹೊರಗೆ ಕುಳಿತವರಂತೆ ಕುಳಿತೆವು.

ಗಾಳಿ ಬರಲಿಲ್ಲ.

ಮಳೆ ನಿಂತು ಹೊಳವಾಗಿತ್ತು. ನೀರು ಸೀಸದ ಹಾಗೆ ಬಿದ್ದಿತ್ತು. ಒಂದು ಎಲೆ ಅಲುಗುತ್ತಿರಲಿಲ್ಲ. ಒಳಗೆ ಅವಳು ಮಗ್ಗುಲು ಬದಲಿಸಿದ ಸದ್ದು ಕೇಳಿತು, ಮತ್ತೊಮ್ಮೆ ಬದಲಿಸಿದಳು. ಷಡ್ಡಕ ಗುಡ್ಡದ ಕಡೆ ನೋಡುತ್ತ ಬಾಯಲ್ಲಿ ಏನೋ ಗೊಣಗುತ್ತಿದ್ದ. ದೇವರನ್ನು ಬೇಡುತ್ತಿದ್ದಾನೆಂದು ಕಿವಿಗೊಟ್ಟರೆ, ಗಾಳಿಗೆ ಅವಾಚ್ಯವಾಗಿ ಬೈಯುತ್ತಿದ್ದ.

ಆಗ ಮೊದಲು ದೂರದ ಗುಡ್ಡದ ನೆತ್ತಿ ಅಲುಗಿತು. ಆಮೇಲೆ ಹತ್ತಿರದ್ದು. ಗಾಳಿಮರಗಳ ಒಳಗಿನಿಂದ ಒಂದು ಉಸಿರು ಎದ್ದು, ಬೆಳೆದು, ಕಂಡಿಗಳಲ್ಲಿ ಹಾದು ನಡುಮನೆಯನ್ನು ತುಂಬಿ, ನಮ್ಮನ್ನು ಸವರಿಕೊಂಡು ನೀರಿನ ಮೇಲೆ ಹೋಯಿತು. ಹೋದ ಮೇಲೆ ಒಂದು ಕ್ಷಣ ಏನೂ ಇಲ್ಲ. ಅನಂತರ ನೆತ್ತಿಯ ಮೇಲಿನಿಂದ, ಇಡೀ ಮಾಡಿನ ಉದ್ದಕ್ಕೂ, ಯಾರೋ ಮೆಲ್ಲನೆ ಏನನ್ನೋ ಎಳೆದುಕೊಂಡು ಹೋದಂತೆ... ಸರ್ರ್ರ್... ನನ್ನ ಬೆನ್ನಿನ ಮೇಲೆ ಮುಳ್ಳೆದ್ದಿತು. ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಅದು ನಮ್ಮ ಮನೆಯಲ್ಲಿ ಅಪರೂಪದ ಘಟನೆ. ಮತ್ತೆ ಉಸಿರು ಬಂತು. ಮತ್ತೆ ಆ ಎಳೆತ. ಮನೆಯೆಂಬ ಮನೆಯೇ ಒಂದು ಎದೆಯಾಗಿ ಏರಿ ಇಳಿಯುತ್ತಿತ್ತು. ನಾವು ಅದರ ಪಕ್ಕೆಲುಬಿನ ಮೇಲೆ ಕುಳಿತಿದ್ದೆವು.

ಸಡಿಲ ತಂತಿಯನ್ನು ನಾನು ಹುಡುಕದೆ ಬಿಡಲಿಲ್ಲ. ಗಾಳಿಮರದ ಒಣಗಿದ ಎಲೆಗಳು ಸೂಜಿಯಂತೆ ಸಣ್ಣಗಿರುತ್ತವೆ. ಹೆಂಡತಿಯಿಲ್ಲದ ಮನೆಯಲ್ಲಿ ಮಾಡು ಗುಡಿಸುವವರಾರು? ಹೆಂಚಿನ ಮೇಲೆ ಅವು ರಾಶಿಬಿದ್ದಿದ್ದವು. ಗಾಳಿ ಎತ್ತಿದಾಗ ಮೇಲೇರಿ, ಬಿಟ್ಟಾಗ ಇಳಿಜಾರಿನಲ್ಲಿ ಒಟ್ಟಿಗೆ ಜಾರುತ್ತಿದ್ದವು. ಹೋಗುವ ಅಲೆಯ ಸದ್ದು ಅದು. ಇಷ್ಟು ವರ್ಷದ ಶಾಸ್ತ್ರವೆಲ್ಲ ಕೊಡದಿದ್ದನ್ನು ಗಂಡಸಿನ ಸೋಮಾರಿತನ ಕೊಟ್ಟಿತು!

ದೀಪ ಹಚ್ಚುವ ಹೊತ್ತಾದರೂ ನಾದಿನಿ ಏಳಲಿಲ್ಲ. ನನ್ನ ಹೆಂಡತಿ ಇಣುಕಿ ಬಂದು, ಬಾಯಿ ತೆರೆದು ಮಲಗಿದ್ದಾಳೆಂದು ಸನ್ನೆ ಮಾಡಿದಳು. ಬೇಲಿಯ ಮೇಲೊಂದು ಕಾಗೆ ಕೂಗಲು ಕತ್ತು ಚಾಚಿತು. ಷಡ್ಡಕ ಎದ್ದು ಎರಡೂ ಕೈ ಜೋಡಿಸಿ ಅದಕ್ಕೆ ನಮಸ್ಕಾರ ಮಾಡಿದ. ಅದು ಕೂಗದೆ ಹಾರಿಹೋಯಿತು.

ಅವಳು ಮರಳಿ ಘಟ್ಟ ಇಳಿಯಲಿಲ್ಲ. “ದಿನಾ ಗಾಳಿ ಇರುವುದಿಲ್ಲವಲ್ಲ?” ಎಂದು ನಾನು ಕೇಳದಿರುತ್ತೇನೆಯೇ? “ಸುಮ್ನಿದ್ರೂ ಅಡ್ಡಿಲ್ಲೆ ಭಾವ,” ಎಂದಳು. “ಮತ್ತೆ ಬತ್ತ್ ಅಂತ ಗೊತ್ತಿದ್ರೆ ನಿದ್ರೆ ಬತ್ತ್.”

ಇಲ್ಲಿಗೆ ಕಥೆ ಮುಗಿಯಿತೆಂದೇ ನಾನು ತಿಳಿದಿದ್ದೆ. ಕಳೆದ ಮಳೆಗಾಲದಲ್ಲಿ ಒಮ್ಮೆ ಅವರ ಮನೆಯಲ್ಲಿ ಉಳಿದಾಗ ನಸುಕಿಗೆ ಮುಂಚೆ ಎಚ್ಚರವಾಯಿತು. ಜಗಲಿಗೆ ಬಂದರೆ ಕಂಬಳಿ ಹೊದ್ದು ಕುಳಿತ ಒಂದು ಆಕೃತಿ. ಮನೆಯ ಉಸಿರು ಏರಿ ಇಳಿಯುತ್ತಿತ್ತು. ಆ ಆಕೃತಿ ಮಾತ್ರ ಅಲುಗುತ್ತಿರಲಿಲ್ಲ. ಕಥೆ ಕಟ್ಟಿದವರು ಕಂಡಿದ್ದರೆ ಮುಳುಗಿದ ಊರಿನ ಶ್ಯಾನುಭೋಗನೆಂದೇ ಹೇಳುತ್ತಿದ್ದರು. ಹತ್ತಿರ ಹೋದೆ. ಷಡ್ಡಕ. ಕಣ್ಣು ಕೆಂಡದ ಹಾಗೆ.

“ಏನೋ ಮಾರಾಯ, ಇಷ್ಟು ಬೇಗ ಎದ್ದಿದ್ದೀ?”

“ಮಲಗಿದ್ರೆ ತಾನೆ ಏಳೋದು ಅಣ್ಣಯ್ಯ?” ಎಂದ. “ನಂಗೆ ಸದ್ದಿನಲ್ಲಿ ನಿದ್ರೆ ಬರಲ್ಲ. ಹುಟ್ಟಿದ್ದು ಸೀತೂರಿನ ತಗ್ಗಿನಲ್ಲಿ, ಜೀರುಂಡೆ ಬಿಟ್ಟರೆ ಏನೂ ಕೇಳಿದವನಲ್ಲ. ಮಾವನ ಮನೆಯಲ್ಲೂ ಹಾಗೇ, ಬೆಳಗಿನವರೆಗೂ ಮಾಡಿನ ಜಂತಿ ನೋಡ್ತಿದ್ದೆ. ಅದಕ್ಕೇ ನಾನು ಅಲ್ಲಿಗೆ ಹೋಗಿ ಇರ್ತೇನೆ ಅಂತ ಹೇಳಲಿಲ್ಲ. ಈ ಮನೆಗೆ ಉಸಿರು ಬಂದಾಗಿಂದ ಹೀಗೇ. ಅವಳಿಗೆ ಹೇಳಬೇಡಿ. ಹೇಳಿದ್ರೆ ಕಂಡಿ ಎಲ್ಲ ಮುಚ್ಚಿಸಿಬಿಡ್ತಾಳೆ.”

ಮೂಡಣ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಮರಕ್ಕೆ ಮರ ಉಜ್ಜಿದ ಸದ್ದು, ಟಕ್. ಸ್ವಲ್ಪ ತಡೆದು ಮತ್ತೊಂದು. ಒಂದೊಂದಾಗಿ ಹಲಗೆಗಳು ಮುಚ್ಚಿಕೊಂಡವು. ಉಸಿರಾಡುತ್ತಿದ್ದ ಬಾಯಿಗೆ ಯಾರೋ ಮೆಲ್ಲನೆ ಕೈಯಿಟ್ಟಂತೆ ಮನೆ ಮೌನವಾಯಿತು. “ದೇವರ ದೀಪ ಆರ್ತದೆ ಅಂತ ಈ ಹೊತ್ತಿಗೆ ಮುಚ್ತಾಳೆ,” ಎಂದ ಷಡ್ಡಕ, ಆಗಲೇ ತೂಕಡಿಸುತ್ತ. ನಾದಿನಿ ಬಾಗಿಲಿಗೆ ಬಂದಳು. “ಹ್ವಾಯ್, ಥಂಡಿ ಗಾಳಿ. ಒಳಗೆ ಬನ್ನಿ.” ಅವನು ಎದ್ದು ಒಳಗೆ ಹೋದ.

ನಾನು ಅಡಿಗೆಮನೆಗೆ ಹೋದಾಗ ಅವಳು ಕಾಫಿಗೆ ನೀರಿಡುತ್ತಿದ್ದಳು. ದೇವರ ಗೂಡನ್ನು ನೋಡಿದೆ. ದೀಪ ಹಚ್ಚಿರಲಿಲ್ಲ.

“ದೀಪ?” ಎಂದೆ.

“ಅದು ಸೂರ್ಯ ಬಂದ್ಮೇಲೆ, ಮಿಂದು,” ಎಂದು ದನಿ ತಗ್ಗಿಸಿದಳು. “ಅವ್ರಿಗೆ ನಿದ್ರೆ ಇಲ್ದಿದ್ದದ್ದು ನಂಗೆ ಗೊತ್ತಿಲ್ಯಾ ಭಾವ? ನಿದ್ರೆ ಇಲ್ಲದವ್ರ್ ಕಣ್ಣ್ ನಂಗೆ ಗೊತ್ತಾತಿಲ್ಯಾ? ನಂಗೆ ಇಷ್ಟು ಇರುಳು ಸಾಕು. ಉಳಿದದ್ದು ಅವ್ರದ್ದು. ನೀವ್ ಹೇಳ್ಬೇಡಿ. ನಂಗಾಯಿ ಎಚ್ಚರ ಕೂತಿದ್ದೆ ಅಂತ ಅವ್ರ್ ಮನಸಲ್ಲಿ ಇತ್ತಲ್ದಾ, ಆ ಖುಷಿ ಇರ್ಲಿ.”

ಇಬ್ಬರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ನಾನು ಬರೆದದ್ದನ್ನು ಮನೆಯವರಾರೂ ಓದುವುದಿಲ್ಲವಾದ್ದರಿಂದ ಆ ಮಾತಿಗೆ ಭಂಗವಿಲ್ಲ.

ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ನಂಬಿಸುವುದು ನನ್ನ ಪದ್ಧತಿಯೂ ಅಲ್ಲ. ದಂಡೆಯ ರಸ್ತೆಯಲ್ಲಿ ಬೆಳಗಿನ ಮೊದಲ ಬಸ್ಸಿಗೆ ಕಾಯುವವರು ಯಾರು ಬೇಕಾದರೂ ಪರೀಕ್ಷಿಸಬಹುದು. ಬೆಳಕು ಹರಿಯುವ ಮುನ್ನ ಬೇಲಿಯ ಹೊರಗೆ ನಿಲ್ಲಿ. ಮನೆ ಉಸಿರಾಡುತ್ತಿರುತ್ತದೆ, ಹೆದರಬೇಡಿ. ಹಲಗೆಗಳು ಒಂದೊಂದಾಗಿ ಮುಚ್ಚಿಕೊಳ್ಳುವುದನ್ನು ಕೇಳಿ. ಸಂಶಯ ಉಳಿದರೆ ಆ ಹೆಂಗಸು ಅಲ್ಲೇ ಇದ್ದಾಳೆ, ಕೇಳಿದರೆ ಹಲಗೆ ಸರಿಸಿ ತೋರಿಸುತ್ತಾಳೆ, ಕಾಫಿಯನ್ನೂ ಕೊಡುತ್ತಾಳೆ. ಆದರೆ ಬಿಸಿಲು ಜಗಲಿಗೆ ಬರುವವರೆಗೆ ದಯವಿಟ್ಟು ಬಾಗಿಲು ತಟ್ಟಬೇಡಿ. ಒಳಗೊಬ್ಬ ಮನುಷ್ಯ ಈಗಷ್ಟೇ ಮಲಗಿದ್ದಾನೆ.